ಅರಿಶಿನದ ಲಂಗ

೧೩ ಮೇ ೧೯೭೯, ಭಾನುವಾರ
ಹಗರಿಬೊಮ್ಮನಹಳ್ಳಿ

ಸಿಟ್ಟು ಅವ್ವನ ಮೇಲಲ್ಲ. ಅವಳ ಮೇಲೂ ಇದೆ, ಆದರೆ ಅದು ಸಣ್ಣದು.

ಹೆಂಡತಿ ಹಂಪಸಾಗರದ ತವರಿಗೆ ಹೋಗಿದ್ದಾಳೆ. ನಿನ್ನೆ ಮಗಳು ಸುಜಾತಳ ಬಿಳಿ ಲಂಗವನ್ನು ನಾನೂ ಅವಳೂ ಸೇರಿ ಅರಿಶಿನದ ನೀರಿನಲ್ಲಿ ಅದ್ದಿದೆವು. ಅಂಚಿಗೆ ಸೋಪಿನ ನೊರೆ ಇಟ್ಟರೆ ಹಳದಿ ಕೆಂಪಾಗಿ ಮೋಡದಂತೆ ಹರಡುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ತೋರಿಸಿಕೊಟ್ಟವನು ನಾನೇ.

ಇಂದು ಬೆಳಿಗ್ಗೆ ಸುಜಾತ ಅದೇ ಲಂಗ ಹಾಕಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಕಲ್ಲಿನ ಮೇಲೆ ಸೋಪಿನ ನೀರಿತ್ತು. ಎದ್ದಾಗ ಹಿಂದೆ ಕೆಂಪು ಕಲೆ. ಅವ್ವ ಬಾಗಿಲಲ್ಲೇ ತಡೆದಳು. "ಒಳಗ ಬರಬ್ಯಾಡ, ಅಲ್ಲೇ ಮೂಲ್ಯಾಗ ಕುಂದ್ರು."

ಪಕ್ಕದ ಮನೆಯ ಪಕ್ಕೀರಮ್ಮ ಬಂದು ನಕ್ಕಳು. "ದೊಡ್ಡಾಕಿ ಆದ್ಳೇನ? ಸಾಲಿ ಬಿಡಿಸಿ ಗಂಡು ನೋಡ್ರಿ ಇನ್ನ."

"ಅದು ಸೋಪಿನ ನೀರು ಅಜ್ಜಿ. ಅಪ್ಪನ್ನ ಕೇಳು."

ಎಲ್ಲರೂ ನನ್ನತ್ತ ನೋಡಿದರು. ಹೆಂಗಸರೆದುರು ಗಂಡಸು ಆ ಮಾತೆತ್ತುವುದಿಲ್ಲ. ಗೆಳೆಯರ ನಡುವೆ ಇಂಥ ಕಟ್ಟಳೆಗಳನ್ನೆಲ್ಲ ಹರಿದುಹಾಕುವ ನನ್ನ ಹಾಳು ನಾಲಿಗೆ ಏಳಲಿಲ್ಲ. ಕೈಯಲ್ಲಿದ್ದ ಪತ್ರಿಕೆಯ ಪುಟ ತಿರುವಿದೆ.

ಹನ್ನೊಂದು ವರ್ಷದ ಹುಡುಗಿ ಮಧ್ಯಾಹ್ನದವರೆಗೆ ಮೂಲೆಯಲ್ಲಿ ಕೂತಳು. ಕೊನೆಗೆ ಪಕ್ಕೀರಮ್ಮನನ್ನೇ ನಿಂಬೆಹಣ್ಣು ಬೇಡಿದಳು. ಆಕೆ ಮುಟ್ಟಿಸಿಕೊಳ್ಳದೆ ದೂರದಿಂದ ಎಸೆದಳು. ಸುಜಾತ ಅದನ್ನು ಕಚ್ಚಿ ಒಡೆದು ಕಲೆಯ ಮೇಲೆ ಹಿಂಡಿದಳು. ಕಲೆ ಹಳದಿಯಾಯಿತು.

ಅವ್ವ ಬಾಗಿ ನೋಡಿದಳು. "ಹೌದಲ್ಲ. ಒಳಗ ಬಾ ಮತ್ತ." ಅಷ್ಟೇ.

ಸುಜಾತ ನನ್ನ ಪಕ್ಕ ಬಂದು ನಿಂತಳು. "ನಿನಗ ಗೊತ್ತಿತ್ತಲ್ಲಪ್ಪ."

ಸಂಜೆ, ಇನ್ನೊಂದು ಬಣ್ಣಕ್ಕೆ ದಾಳಿಂಬೆ ಸಿಪ್ಪೆ ನೆನೆಹಾಕೋಣವೇ ಎಂದು ಕೇಳಿದೆ. ಅವಳು ತಲೆಯೆತ್ತದೆ ಪುಸ್ತಕದ ಪುಟ ತಿರುವಿದಳು.