ಏಣಿ ಹಿಡಿದವನು

ಮಾರ್ಚ್ ೪, ಬೆಳಗ್ಗೆ

ಎಂದಿನಂತೆ ಪತ್ತೇದಾರಿ ಕಾದಂಬರಿಯ ಎರಡು ಪುಟ ಬರೆದೆ. ಪತ್ತೇದಾರ ಏಣಿ ಹತ್ತಿ ಕಿಟಕಿಯಲ್ಲಿ ಇಣುಕುತ್ತಿದ್ದಾನೆ. ಕೆಳಗೆ ಕಾಂಪೌಂಡರ್ ಏಣಿ ಹಿಡಿದು ಗೊಣಗುತ್ತಿದ್ದಾನೆ. ಇಷ್ಟು ವರ್ಷ, ಇಷ್ಟು ಪುಸ್ತಕ... ಏಣಿ ಹಿಡಿಯುವ ಕೆಲಸ ಅವನಿಗೆ ತಪ್ಪಿಲ್ಲ. ಗೊಣಗಾಟ ಮಾತ್ರ ಅಣ್ಣನದು. ಅಣ್ಣ ನಿಜಕ್ಕೂ ಕಾಂಪೌಂಡರ್ ಆಗಿದ್ದವನು. ಬರೆದದ್ದನ್ನು ಸಂಜೆ ಅವನಿಗೆ ಓದುತ್ತೇನೆ. ಕಾಂಪೌಂಡರನ ಸರದಿ ಬಂದಾಗ ನಿಲ್ಲಿಸುತ್ತೇನೆ. ಅವನ ಬಾಯಿಗೆ ಅಣ್ಣ ಮಾತು ಕೊಡುತ್ತಾನೆ, ಬರೆದುಕೊಳ್ಳುತ್ತೇನೆ.

ಸಂಜೆ

ಇವತ್ತು ಕೊಟ್ಟದ್ದು: "ಸ್ವಾಮಿ, ಕಳ್ಳ ಸಿಕ್ಕಿದ್ರೆ ಹೆಸರು ನಿಮ್ದು. ಏಣಿ ಜಾರಿದ್ರೆ ಮಾತ್ರ ನಂದು."

ತಾನೇ ನಕ್ಕ. ನಗು ಕೆಮ್ಮಿಗೆ ತಿರುಗಿತು, ಬೇಗ ನಿಲ್ಲಲಿಲ್ಲ. ಅತ್ತಿಗೆ ಗದರಿದರು. "ಇಬ್ರಿಗೂ ವಯಸ್ಸಾಯ್ತು, ಬುದ್ಧಿ ಒಂದು ಬರ್ಲಿಲ್ಲ."

ಮಾರ್ಚ್ ೯

ಪ್ರಕಾಶಕರ ಫೋನು.

"ಸಾರ್, ಓದುಗರು ಆಕಳಿಸ್ತಿದಾರೆ. ಈ ಸಲ ಒಂದು ಶಾಕ್ ಕೊಡಿ. ಕಾಂಪೌಂಡರ್‌ನ ಕಳಿಸಿಬಿಡಿ."

"ಎಲ್ಲಿಗೆ?"

"ಮೇಲಕ್ಕೆ ಸಾರ್. ಇಲ್ಲಾಂದ್ರೆ ಸೀರೀಸ್ ನಿಲ್ಸೋದೇ."

ಹೂಂ ಅಂದೆ. ಅನ್ನಬಾರದಿತ್ತು.

ಮಾರ್ಚ್ ೧೬, ಸಂಜೆ

ಅಣ್ಣ ಆಸ್ಪತ್ರೆಯಲ್ಲಿ. ಹೃದಯ ಸೋತಿದೆ ಅಂದರು ಡಾಕ್ಟರು. ಮೂಗಿಗೆ ಆಕ್ಸಿಜನ್ ಪೈಪು. ಅಷ್ಟರಲ್ಲೂ "ಓದೋ" ಅಂದ.

ಓದಿದೆ — "ಪಾಪ, ಕಾಂಪೌಂಡರ್ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ..."

ಅಣ್ಣ ಕೈ ಎತ್ತಿದ. "ಲೋ, ನನ್ನ ಕೊಲ್ತಿದ್ಯಾ?"

"ಯಾರು ಹೇಳಿದ್ದು?"

"ನೀನೇ. ಪಾಪ ಅಂದ್ಯಲ್ಲ. ಆ ವಕೀಲ, ಆ ದರ್ಜಿ, ಆ ಮುದಿ ಗಾಯಕಿ... ನೀನು ಪಾಪ ಅಂದೋರಲ್ಲಿ ಮುಂದಿನ ಅಧ್ಯಾಯ ನೋಡಿದೋರು ಒಬ್ರು ಇದಾರಾ?"

ಬರೆದವನಿಗೇ ಗೊತ್ತಿರಲಿಲ್ಲ. ಅತ್ತಿಗೆ ಫಕ್ಕನೆ ನಕ್ಕರು. ಆಮೇಲೆ ಕಿಟಕಿ ಕಡೆ ತಿರುಗಿ ಹಾಗೇ ನಿಂತುಬಿಟ್ಟರು.

ಅಣ್ಣ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ನಾನಂತೂ ಹೊರಟೋನು. ಅವನಾದ್ರೂ ಇರ್ಲಿ ಕಣೋ."

ಮಾರ್ಚ್ ೧೭

ಪ್ರಕಾಶಕರಿಗೆ ಹೇಳಿದೆ — ಕಾಂಪೌಂಡರ್ ಸಾಯಲ್ಲ. "ಹಾಗಾದ್ರೆ ಇದೇ ಕೊನೇ ಪುಸ್ತಕ ಸಾರ್." ಆಗಲಿ ಅಂದೆ.

'ಪಾಪ' ಹೊಡೆದುಹಾಕಿ ಅಣ್ಣನಿಗೆ ತೋರಿಸಿದೆ. ಕನ್ನಡಕ ಇರಲಿಲ್ಲ, ಗೀಟು ಕಂಡಿತೋ ಇಲ್ಲವೋ. "ಸರಿಯಾಗಿ ಹೊಡೆದಿದ್ಯಾ? ಮತ್ತೆ ಎದ್ದು ಕೂತ್ಕೊಂಡೀತು" ಅಂದ. ನಗಲಿಲ್ಲ, ಶಕ್ತಿ ಇರಲಿಲ್ಲ.

"ಕೊನೇ ಪುಟ ಬಾಕಿ ಇದೆ ಅಣ್ಣ."

"ನಾಳೆ ತಾ. ಮಾತು ಕೊಡ್ತೀನಿ."

ಮಾರ್ಚ್ ೧೮

ಅರ್ಧ ಬರೆದ ಕೊನೇ ಪುಟ ಜೇಬಿನಲ್ಲೇ ಇತ್ತು. ಡಾಕ್ಟರು ಹೊರಗೆ ಬಂದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಪಾಪ, ನಿಮ್ಮಣ್ಣ..." ಅಂದರು.

ಮುಂದಿನದು ಕೇಳಬೇಕಾಗಿರಲಿಲ್ಲ.

ಏಪ್ರಿಲ್ ೨

ಅತ್ತಿಗೆ ಬಂದಿದ್ದರು. ಅಣ್ಣ ಸಂಜೆ ಕೂರುತ್ತಿದ್ದ ಕುರ್ಚಿಯಲ್ಲಿ ಅವರು ಕೂರಲಿಲ್ಲ, ನಾನೂ ಕೂರಲಿಲ್ಲ. "ಮುಗಿಸಪ್ಪ. ಅವ್ರು ಕಾಯ್ತಿದ್ರು" ಅಂದರು.

ಬರೆಯಲು ಕೂತೆ. ಕಳ್ಳ ಸಿಕ್ಕಿದ. ಪತ್ತೇದಾರ ಏಣಿ ಇಳಿದು ಬಂದ. ಇಷ್ಟು ಪುಸ್ತಕದಲ್ಲಿ ಮೊದಲ ಸಲ ಕೇಳಿದ — "ಕೈ ನೋಯ್ತೇನಯ್ಯಾ?"

ಈಗ ಕಾಂಪೌಂಡರನ ಸರದಿ. ಅವನು ಏಣಿ ಬಿಡಲಿಲ್ಲ. ತಲೆಯೆತ್ತಿ ಅಂದ —