ಹಿತ್ತಲ ನೆರಳಿನ ಕರಾರು

ಫೆಬ್ರವರಿ 3, ಬೆಳಿಗ್ಗೆ 6:50

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗದ ಗಣ್ಯರೇ, ಎದುರಿಗಿಲ್ಲದ ಮಹಾಜನಗಳೇ — ಹಾಲು ಉಕ್ಕಿ ಒಲೆ ಆರಿದ ಈ ಶುಭ ಮುಂಜಾನೆ ತಮಗೆಲ್ಲ ಆದರದ ಸ್ವಾಗತ. ಉಕ್ಕಿಸಿದ್ದು ನಾನು. ಒರೆಸಿದ್ದೂ ನಾನೇ. ಎಂದಿನಂತೆ.

ಇಂದಿನ ಸಭೆಯ ವಿಷಯ: ಹಿತ್ತಲಿಗೊಂದು ನೆರಳು.

ಅಡಿಗೆಮನೆಯ ಹಿಂಬಾಗಿಲು ತೆಗೆದರೆ ಹನ್ನೆರಡಡಿಗೆ ಹತ್ತಡಿ ಸಿಮೆಂಟ್ ನೆಲ. ನನ್ನ ಹೆಂಡತಿ ಟೈಲರ್. ಇಪ್ಪತ್ತು ವರ್ಷ ಅಲ್ಲೇ ಕೂತು ಹೊಲಿದಳು, ಬಿಸಿಲು ಸರಿದ ಹಾಗೆ ಮಷೀನ್ ಸರಿಸಿಕೊಂಡು. ಹೋದ ವರ್ಷ ಕಾಯಿಲೆ. ಆರು ಕೀಮೋ. ಬಿಸಿಲು ಮೈಗೆ ತಾಕಬಾರದು ಅಂದರು ಡಾಕ್ಟರು. ಅವತ್ತಿನಿಂದ ಮಷೀನೂ ಒಳಗೆ, ಅವಳೂ ಒಳಗೆ. ಈಗ ಕಾಯಿಲೆ ವಾಪಸ್ ಬಂದಿದೆ. ಮರೆತುಹೋದ ಛತ್ರಿ ತಗೊಳ್ಳೋಕೆ ಬಂದ ನೆಂಟನ ಹಾಗೆ, ಬಂದದ್ದು ಹೋಗುವ ಲಕ್ಷಣವಿಲ್ಲ.

ಮತ್ತೆ ಆರು ಕೀಮೋ ಕೊಟ್ಟು ನೋಡೋಣ ಅಂದರು ನಿನ್ನೆ. ಇವಳು ಬೇಡ ಅಂದಳು. ಮನೆಗೆ ಬಂದು ಸೊಪ್ಪು ಬಿಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಶುರುಮಾಡಿದಳು.

"ಒಂದು ಕೆಲಸ ಮಾಡಿ. ಹಿಂದುಗಡೆ ನೆರಳು ಮಾಡಿಸಿಕೊಡಿ. ಅದು ಆಗೋವರೆಗೂ ನೀವು ಕರೆದ ಕಡೆ ಬರ್ತೀನಿ, ಚುಚ್ಚಿದ ಕಡೆ ಕೈ ಕೊಡ್ತೀನಿ. ನೆರಳಾದ ದಿನ ಸೂಜಿ ಬಂದ್. ಆಮೇಲೆ ಅಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಎಷ್ಟು ದಿನ ಸಿಗುತ್ತೋ ಅಷ್ಟು ದಿನ. ಒಪ್ಪಿಗೇನಾ?"

"ಇದೇನು ಬಟ್ಟೆ ಹೊಲಿಯೋ ವ್ಯವಹಾರನಾ?"

"ಒಪ್ಪಿಗೇನಾ ಅಂತ ಕೇಳಿದೆ."

ಗಿರಾಕಿಗಳ ಹತ್ತಿರ ಆಡುವ ದನಿ. ಆ ದನಿಯ ಮುಂದೆ ಚೌಕಾಸಿ ನಡೆದದ್ದು ನಾನು ಕಂಡಿಲ್ಲ. ಒಪ್ಪಿದೆ. ಸಭೆ ಮುಗಿಯಿತು. ವಂದನಾರ್ಪಣೆ ಯಾರೂ ಮಾಡಲಿಲ್ಲ.

ಫೆಬ್ರವರಿ 5, ಸಂಜೆ

ಕಂಟ್ರಾಕ್ಟರ್ ಬಂದಿದ್ದ. ಗೇಟು, ಗ್ರಿಲ್ಲು, ಶೀಟು — ತ್ರಿವಿಧ ಪ್ರವೀಣ. ಮೊಬೈಲಲ್ಲಿ ಫೋಟೋ ತೋರಿಸಿದ. "ಇದು ಪರ್ಗೋಲಾ ಸಾರ್. ಈಗ ಎಲ್ಲರೂ ಇದನ್ನೇ ಹಾಕಿಸೋದು." ಕನ್ನಡ ಮೀಡಿಯಂ ಪದವೀಧರ ನಾನು. ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ ತಲೆಯಾಡಿಸೋದನ್ನ ಕಾಲೇಜಿನಲ್ಲೇ ಕಲಿತವನು. ಆಡಿಸಿದೆ. ಆಮೇಲೆ ನೋಡಿದರೆ — ನಾಲ್ಕು ಕಂಬ, ಮೇಲೆ ಸಾಲಾಗಿ ಪಟ್ಟಿ, ಪಟ್ಟಿಗಳ ನಡುವೆ ಆಕಾಶ. ಚಾವಣಿಯೇ ಇಲ್ಲದ ಚಾವಣಿ.

ಪರ್ಗೋಲಾ ಪರ್ಗೋಲಾ,
ಪಟ್ಟಿ ಎಣಿಸಿದರೆ ಗೋಲ್‌ಮಾಲಾ.

ಇವಳಿಗೆ ಅದೇ ಹಿಡಿಸಿತು. ಆಕಾಶ ಕಾಣಬೇಕಂತೆ. ಬಿಸಿಲಿಗೇನು ಮಾಡೋದು ಅಂದೆ. ಪಟ್ಟಿಗಳ ಮೇಲೆ ಹಾಲುಬಣ್ಣದ ಶೀಟು ಹಾಕಿದರೆ ಬೆಳಕು ಇಳಿಯುತ್ತೆ, ಬಿಸಿಲು ಇಳಿಯಲ್ಲ ಅಂದ. "ನಡುವೆ ಒಂದು ಗೇಣಗಲ ತೆರೆದು ಬಿಡು," ಅಂದಳು ಇವಳು. "ನಾನು ಕುರ್ಚಿ ಆ ಕಡೆ ಹಾಕ್ಕೋತೀನಿ."

ಅವನು ಸ್ಟೀಲ್ ಟೇಪಲ್ಲಿ ಅಳೆದ. ಇವಳು ಕತ್ತಿನಿಂದ ತನ್ನ ಟೇಪ್ ತೆಗೆದು ಮತ್ತೆ ಅಳೆದಳು. ಎರಡಿಂಚು ವ್ಯತ್ಯಾಸ.

"ಅಕ್ಕಾ, ನಿಮ್ಮ ಟೇಪು ಎಳೆದಂಗೆ ಬರುತ್ತೆ."

"ನಿನ್ನ ಟೇಪು ನೀ ಹೇಳಿದಂಗೆ ಬರುತ್ತೆ. ಇಪ್ಪತ್ತು ವರ್ಷ ಜನರ ಸೊಂಟ ಅಳೆದಿದೀನಿ ಕಣಪ್ಪ. ನೆಲ ಅಳೆಯೋದೇನು ಕಷ್ಟ? ನೆಲ ಉಸಿರು ಬಿಗಿಹಿಡಿದು ಮೋಸ ಮಾಡಲ್ಲ."

ಮತ್ತೆ ಅಳೆದ. ಇವಳದೇ ಸರಿ. ಅವನು ನಕ್ಕುಬಿಟ್ಟ.

ಕಂಬ ನೆಡೋದು ಹನ್ನೆರಡಕ್ಕೆ. ಕಾಂಕ್ರೀಟು ಗಟ್ಟಿಯಾಗೋಕೆ ಎಂಟು ದಿನ ಬಿಡಬೇಕು; ಅದರಲ್ಲಿ ಆತುರ ಮಾಡಲ್ಲವಂತೆ, ಅವನ ಗುರು ಹೇಳಿಕೊಟ್ಟದ್ದು. ಮೇಲಿನ ಕೆಲಸ ಎರಡೇ ದಿನ. "ಇಪ್ಪತ್ತೆರಡನೇ ತಾರೀಕು ಕುರ್ಚಿ ಹಾಕ್ಕೊಂಡು ಕೂತ್ಕೊಳಿ ಅಕ್ಕಾ."

ಮೊದಲ ಕೀಮೋ ಹದಿನೇಳಕ್ಕೆ. ಎರಡನೆಯದು ಮೂರು ವಾರ ಬಿಟ್ಟು. ಇವಳು ಬೆರಳು ಮಡಿಸಿ ಎಣಿಸಿದಳು.

"ಹಾಗಾದ್ರೆ ಒಂದೇ ಬಾಟ್ಲಿ," ಅಂದು ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ ಅಂತ ಕಾಣುತ್ತೆ.

ಫೆಬ್ರವರಿ 12

ಕಂಬ ಬಂದವು. ನಾಲ್ಕು. ಕುತ್ತಿಗೆ ಇಲ್ಲದ ಜಿರಾಫೆಗಳು. ಇವಳು ಕಿಟಕಿಯಲ್ಲಿ ನಿಂತು, ಬಲಗಡೆಯದು ವಾಲಿದೆ ಅಂದಳು. ಕಂಟ್ರಾಕ್ಟರ್ ತೂಕದ ದಾರ ಇಳಿಬಿಟ್ಟು ನೋಡಿದ. ವಾಲಿತ್ತು. ಕಿತ್ತು ಮತ್ತೆ ನೆಟ್ಟ. "ಅಕ್ಕ ನಮ್ಮ ಶೆಡ್ಡಿಗೆ ಸೂಪರ್‌ವೈಸರ್ ಆಗಿ ಬರಲಿ ಸಾರ್." 

ಫೆಬ್ರವರಿ 17

ಆಸ್ಪತ್ರೆ. ಆರು ಗಂಟೆ. ಬಾಟ್ಲಿ ಹೋದ ವರ್ಷದ ಹಾಗೆ ಕಿತ್ತಳೆ ಬಣ್ಣದ್ದಲ್ಲ ಈ ಸಲ, ಬೇರೆ ಔಷಧಿ. ಕೈಕಾಲು ಜೋಮು ಹಿಡಿಯಬಹುದು ಅಂದಳು ನರ್ಸ್. ಪಕ್ಕದ ಹಾಸಿಗೆಯವರಿಗೆ ಇವಳು ಪರ್ಗೋಲಾ ವಿವರಿಸುತ್ತಿದ್ದಳು, ಕೈಯಲ್ಲೇ ಗಾಳಿಯಲ್ಲಿ ಪಟ್ಟಿ ಎಳೆದು ತೋರಿಸಿ. ಇನ್ನೊಂದು ಕೈ ಅಲ್ಲಾಡಿಸಬೇಡಿ ಅಂತ ಬೈಸಿಕೊಂಡಳು.

ಫೆಬ್ರವರಿ 20

ಬರೆಯೋಕೆ ಏನಿದೆ. ಬಕೆಟ್, ಬಟ್ಟೆ, ಬಕೆಟ್. ಇವತ್ತು ಎರಡು ಚಮಚ ಗಂಜಿ ನಿಂತಿತು.

ಸಂಜೆ ಕಂಟ್ರಾಕ್ಟರನ ಶೆಡ್ಡಿಗೆ ಹೋಗಿ ಮಾತಾಡಿ ಬಂದೆ.

ಫೆಬ್ರವರಿ 22

ಬರಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಶೀಟು ಬಂದಿಲ್ಲವಂತೆ. ಮಹಾಜನಗಳೇ, ಗಮನಿಸಿ — ಕಂಬ ನೆಡುವಾಗ ಇರುವ ಹುರುಪು ಚಾವಣಿಗೆ ಏರುವುದಿಲ್ಲ. ಲೋಕರೂಢಿ.

ಇವಳು ಬೆಳಿಗ್ಗೆಯೇ ಕುರ್ಚಿ ಒರೆಸಿ ಇಟ್ಟಿದ್ದಳು. ಸಂಜೆ ನಾನು ಒಳಗೆ ತಂದೆ.

"ಕೆಲಸದೋರು ಅಂದ್ರೆ ಹೀಗೇ," ಅಂದಳು. "ನಾನೂ ಹೇಳಿದ ದಿನಕ್ಕೆ ಎಷ್ಟು ಬಟ್ಟೆ ಕೊಟ್ಟಿದೀನಿ ಹೇಳಿ."

ಮಾರ್ಚ್ 2

ಭಾವಮೈದ ಬಂದಿದ್ದ, ಇವಳ ತಮ್ಮ. ಬಾಯಿ ದೊಡ್ಡದು, ಎದೆ ಮೆತ್ತಗಿನದು. ಹಿತ್ತಲು ನೋಡಿದವನೇ ಕಂಟ್ರಾಕ್ಟರನಿಗೆ ಫೋನ್ ಹಚ್ಚಿದ. ಪೇಂಟಿಂಗಿಗೆ ಹೋಗಿದೆ ಅಂತ ಆ ಕಡೆಯಿಂದ. ಪಟ್ಟಿ ಪೇಂಟಿಂಗಿಗಾ ಶೀಟು ಪೇಂಟಿಂಗಿಗಾ ಅಂತ ಇವನು. ಎರಡೂ ಅಂತ ಆ ಕಡೆ. ಆಮೇಲೆ, ನಾಳೆ ನೋಡ್ತೀನಿ ಸಾರ್. ಫೋನ್ ಇಡುವಷ್ಟರಲ್ಲಿ ಹೆಸರಿಟ್ಟಾಗಿತ್ತು: ನಾಳೆರಾಯ.

ಊಟಕ್ಕೆ ಕೂತಾಗ ಅಕ್ಕ-ತಮ್ಮನ ಮುಂದೆ ಓದಿದೆ:

ಇವತ್ತು ಕೇಳಿದರೆ ನಾಳೆ, ನಾಳೆ ಕೇಳಿದರೆ ನಾಳಿದ್ದು;
ನಾಳಿದ್ದು ಕೇಳಿದರೆ, ಸಾರ್, ಯಾವಾಗ ನಾ ಹೇಳಿದ್ದು?

ಭಾವಮೈದ ಬಿದ್ದು ಬಿದ್ದು ನಕ್ಕ. ಇವಳು, "ಪ್ರಾಸ ಕಟ್ಟೋ ಹೊತ್ತಿಗೆ ಪಟ್ಟಿ ಕಟ್ಟಿಸಬಹುದಿತ್ತು," ಅಂದಳು.

ಮಾರ್ಚ್ 10

ಎರಡನೆಯದು. ಆಸ್ಪತ್ರೆ ಗೇಟಿನ ಹತ್ತಿರ ಇಳಿಯುವಾಗ ಅಂದಳು: "ಕರಾರು ಕರಾರೇ. ನಾನು ಮಾತು ತಪ್ಪಲ್ಲ."

ಮಾರ್ಚ್ 19

ಮೇಲೆ ಆಕಾಶ, ಕೆಳಗೆ ಅವಕಾಶ,
ನಡುವೆ ಬರೀ ಸಾವಕಾಶ.

ಆಫೀಸಿನ ಟಪಾಲು ವಿಭಾಗದಲ್ಲಿ ಕೂತು ಬರೆದದ್ದು. ಲಕೋಟೆಗಳ ರಾಶಿ ಎದುರಿಗೆ. ಎಲ್ಲವೂ ಯಾರಿಗೋ ತುರ್ತು. ಪಕ್ಕದ ಮೇಜಿನವನು ಇನ್ನೂ ಚಾವಣಿ ಆಗಲಿಲ್ಲವಾ ಅಂದ. ಆ ಜನ ಅಷ್ಟೇ ಅಂದೆ. ಅವನು ಕೂಡಲೇ ತನ್ನ ಬಾತ್‌ರೂಮ್ ಟೈಲ್ಸಿನ ಕಥೆ ತೆಗೆದ. ಮೂರನೆಯವನು ನೀರಿನ ಟ್ಯಾಂಕಿನದು. ಒಬ್ಬರಿಗೂ ಆಶ್ಚರ್ಯವಿಲ್ಲ. ಕಂಟ್ರಾಕ್ಟರ್ ತಡ ಮಾಡಿದ ಅಂದರೆ ಜಗತ್ತು ಸಾಕ್ಷಿ ಕೇಳುವುದಿಲ್ಲ.

ಮಾರ್ಚ್ 31

ಮೂರು.

ಏಪ್ರಿಲ್ 9, ಮಧ್ಯಾಹ್ನ

ಬೇಗ ಬಂದೆ ಆಫೀಸಿನಿಂದ. ಇವಳು ಮಷೀನ್ ಮುಂದೆ ಕೂತಿದ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಾಗಿಲಲ್ಲೇ ನಿಂತೆ. ದಾರದ ತುದಿ ಬಾಯಲ್ಲಿಟ್ಟು ಒದ್ದೆ ಮಾಡಿ, ಕಣ್ಣಿನ ಹತ್ತಿರ ಹಿಡಿದು, ತಪ್ಪಿ, ಮತ್ತೆ ಬಾಯಲ್ಲಿಟ್ಟು. ಎಂಟೋ ಹತ್ತೋ ಸಲ. ಕಣ್ಣಿನ ತೊಂದರೆಯಲ್ಲ. ದಾರ ಹಿಡಿದಿದೆಯೋ ಬಿಟ್ಟಿದೆಯೋ ಅವಳ ಬೆರಳಿಗೆ ತಿಳಿಯುತ್ತಿಲ್ಲ.

"ಎಷ್ಟು ದಿನದಿಂದ?"

"ಎರಡನೇ ಬಾಟ್ಲಿಯಿಂದ ಶುರು. ಕೈಗವಸು ಹಾಕ್ಕೊಂಡಂಗಿರುತ್ತೆ, ಯಾವಾಗಲೂ." ದಾರ ಮಡಿಲಿಗೆ ಹಾಕಿಕೊಂಡಳು. "ಕತ್ತರಿ ನಿನ್ನೆ ಕಾಲ ಮೇಲೆ ಬೀಳಿಸ್ಕೊಂಡೆ. ಬಿದ್ದದ್ದೂ ಗೊತ್ತಾಗ್ಲಿಲ್ಲ, ಸದ್ದು ಕೇಳಿ ನೋಡಿದೆ."

"ಹೇಳಬಾರದಿತ್ತಾ?"

"ಹೇಳಿದ್ರೆ ನಾಳೆರಾಯ ಬೇಗ ಬರ್ತಿದ್ನಾ?"

ಸೂಜಿಗೆ ನಾನು ದಾರ ಪೋಣಿಸಿಕೊಟ್ಟೆ. ಅವಳು ಹೊಲಿಯಲಿಲ್ಲ.

ಬೆರಳು, ನೆರಳು. ಪ್ರಾಸ ತಾನಾಗಿ ಬಂದು ನಿಂತಿತು. ಹೊಡೆದು ಹಾಕಿದೆ.

ಏಪ್ರಿಲ್ 10

ಡಾಕ್ಟರಿಗೆ ಫೋನ್ ಮಾಡಿದೆ. ಜೋಮು ಔಷಧಿಯದೇ. ನಿಲ್ಲಿಸಿದರೆ ನಿಧಾನಕ್ಕೆ ಹೋಗಬಹುದು, ಹೋಗದೆಯೂ ಇರಬಹುದು. ಸ್ಕ್ಯಾನ್ ನೋಡಿ ನಾಲ್ಕನೆಯದು ಕೊಡೋಣ ಅಂದರು. ಆಗಲಿ ಅಂದೆ. ಇವಳನ್ನು ಕೇಳದೆ.

ಏಪ್ರಿಲ್ 21

ನಾಲ್ಕು. ಅದಕ್ಕೆ ಮುಂಚೆ ಸ್ಕ್ಯಾನ್. ಡಾಕ್ಟರ್ ರಿಪೋರ್ಟನ್ನ ಎರಡು ಸಲ ಓದಿದರು, ನಮ್ಮ ಕಡೆ ನೋಡದೆ. "ಹೆಚ್ಚಾಗಿಲ್ಲ. ಕಡಿಮೆಯೂ ಆಗಿಲ್ಲ."

ನಾನು ಮೊದಲನೆ ವಾಕ್ಯ ಹಿಡಿದುಕೊಂಡೆ. ಇವಳು ಎರಡನೆಯದನ್ನು.

ಮೇ 2

ಭಾವಮೈದ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಶೆಡ್ಡಿಗೆ ನುಗ್ಗಿದ. ಬೇಡ ಕಣೋ ಅಂದೆ. "ನೀವು ಸುಮ್ನಿರಿ ಭಾವ. ನಿಮ್ಮ ಮರ್ಯಾದೆಯಿಂದಲೇ ಅವನು ಇಷ್ಟು ಬೆಳೆದಿರೋದು."

ಕಂಟ್ರಾಕ್ಟರ್ ಗೇಟಿಗೆ ಬೆಸುಗೆ ಹಾಕುತ್ತಿದ್ದ. ಕಪ್ಪು ಕನ್ನಡಕ ಹಣೆಗೇರಿಸಿ ಎದ್ದು ನಿಂತ.

"ಏನಪ್ಪಾ ನಾಳೆರಾಯ, ನಿನ್ನ ಕ್ಯಾಲೆಂಡರಲ್ಲಿ ಇವತ್ತು ಅನ್ನೋ ದಿನ ಅಚ್ಚು ಹಾಕಿಲ್ವಾ?"

"ಸಾರ್, ಅದು..."

"ನಮ್ಮಕ್ಕ ಮೂರು ತಿಂಗಳಿಂದ ಕಿಟಕಿ ಹಿಡ್ಕೊಂಡು ನಿಂತಿದಾಳೆ. ನಾಲ್ಕು ಕಂಬ ನೆಟ್ಟು ಹೋಗಿದೀಯಲ್ಲ, ದನ ಕಟ್ಟೋಕಾ? ಕಾಯಿಲೆಯೋಳು ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು ಸಾರ್."

"ಗೊತ್ತಿದ್ದೂ? ಮನುಷ್ಯನಾ ನೀನು? ನಿನ್ನ ಮನೇಲಿ ಯಾರಿಗಾದ್ರೂ ಹೀಗಾಗಿದ್ರೆ ನಾಳೆ ಅಂತಿದ್ಯಾ?"

ಅವನು ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ ಅನ್ನಿಸಿತು, ನಿಜಕ್ಕೂ ಅಷ್ಟು ಹೊತ್ತಾಗಿರಲಿಕ್ಕಿಲ್ಲ. ಆಮೇಲೆ ನೆಲ ನೋಡುತ್ತ, "ತಪ್ಪಾಯ್ತು ಸಾರ್," ಅಂದ.

"ತಪ್ಪಾಯ್ತು ಅನ್ನೋದನ್ನ ಶೀಟು ಅಂತ ಹೊದಿಸೋಕಾಗಲ್ಲ," ಅಂದು ಭಾವಮೈದ ಹೊರಗೆ ಹೋದ, ಕಣ್ಣು ಒರೆಸಿಕೊಳ್ಳೋಕೆ. ಕಂಟ್ರಾಕ್ಟರ್ ಏನೋ ಹೇಳುವವನಂತೆ ನನ್ನ ಹತ್ತಿರ ಬಂದ. ನಾನು ಭಾವಮೈದನ ಹಿಂದೆಯೇ ಹೊರಟುಬಿಟ್ಟೆ.

ಮೇ 8

ಇವಳ ಬಟ್ಟೆಯ ಗುಂಡಿ ನಾನೇ ಹಾಕುತ್ತಿದ್ದೇನೆ ಈಗ. ನಾಲ್ಕನೆಯ ಗುಂಡಿ ಮೂರನೆಯ ಕಾಜಾಕ್ಕೆ ಹಾಕಿದ್ದೆ. "ಇಷ್ಟು ಕೆಟ್ಟ ಫಿಟ್ಟಿಂಗು ನನ್ನ ಮಷೀನಿಂದ ಹೊರಗೆ ಹೋಗಿಲ್ಲ," ಅಂದಳು. ನಕ್ಕಳಾ? ಗೊತ್ತಾಗಲಿಲ್ಲ.

ಗೋಡೆ ಹಿಡಿದು ನಡೆಯುತ್ತಾಳೆ. ಪಾದವೂ ಜೋಮು.

ಮೇ 12, ಬೆಳಿಗ್ಗೆ 7:20

ಐದನೆಯದು ಇವತ್ತು. ಎಂಟಕ್ಕೆ ಆಟೋ ಬರುತ್ತೆ.

ಈಗ ಹಿಂಬಾಗಿಲು ತೆಗೆಸಿದಳು. ಹೊಸ್ತಿಲ ಒಳಗೇ ಕುರ್ಚಿ ಹಾಕಿಸಿಕೊಂಡು ಕೂತಳು. ಕಂಬಗಳ ನೆರಳು ನಾಲ್ಕು ಗೆರೆಯಾಗಿ ಬಿದ್ದಿತ್ತು, ಅದನ್ನೇ ನೋಡುತ್ತ.

"ಪಾಪ, ಅವನನ್ನ ಬೈಬೇಡಿ ಇನ್ನು," ಅಂದಳು. "ಏನು ಕಷ್ಟವೋ ಅವನಿಗೆ. ನನ್ನ ಕೈ ಸರಿಯಿದ್ದಿದ್ರೆ ನಾನೇ ದಪ್ಪ ಬಟ್ಟೆ ಹೊಲಿದು ಆ ಕಂಬಕ್ಕೆ ಕಟ್ಟಿಬಿಡ್ತಿದ್ದೆ. ಒಂದು ದಿನದ ಕೆಲಸ. ಮೊದಲೇ ಹೊಳೀಲಿಲ್ಲ ನೋಡಿ."

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಮಹಾಜನಗಳೇ —

ಯಾವ ಮಹಾಜನ. ಯಾರಿದ್ದಾರೆ ಇಲ್ಲಿ.

ಶೀಟು ಫೆಬ್ರವರಿಯಲ್ಲೇ ಬಂದಿತ್ತು. ಇಪ್ಪತ್ತನೇ ತಾರೀಕು ನಾನು ಶೆಡ್ಡಿಗೆ ಹೋದಾಗ ಮರುದಿನಕ್ಕೆ ಅಂತ ಗಾಡಿಗೆ ಹೇರುತ್ತಿದ್ದ. ಇಳಿಸು ಅಂದೆ. ಯಾಕೆ ಸಾರ್ ಅಂದ. ಕರಾರಿನ ವಿಷಯ ಹೇಳಿದೆ. ಆರೂ ಮುಗಿಯೋವರೆಗೆ ಬರಬೇಡ, ಏನಾದರೊಂದು ನೆಪ ಹೇಳು, ಕಂಟ್ರಾಕ್ಟರ್ ತಡ ಮಾಡಿದ ಅಂದರೆ ಎಲ್ಲರೂ ನಂಬುತ್ತಾರೆ ಅಂದೆ. "ಅಕ್ಕನಿಗೆ ಇದು ಸರಿ ಅನ್ಸುತ್ತಾ ಸಾರ್?" ಅಂದ. ಅಷ್ಟೇ ಕೇಳಿದ್ದು. ಆಮೇಲೆ ಒಂದೊಂದೇ ಶೀಟು ಇಳಿಸಿದ. ಹೇಳಿದ ದಿನಕ್ಕೆ ಬರುವ ಮನುಷ್ಯ ಅವನು. ಮೂರು ತಿಂಗಳು ನನಗೆ ಬೀಳಬೇಕಿದ್ದ ಬೈಗುಳ ತಿಂದ. ಮೊನ್ನೆ ಮೂರು ಸಲ ಫೋನ್ ಮಾಡಿದ್ದ. ನಾನು ಎತ್ತಲಿಲ್ಲ.

ಒಂದು ಬಾಟ್ಲಿ ಅಂತ ಒಪ್ಪಿದ್ದಳು. ನಾಲ್ಕು ಹಾಕಿಸಿದೆ.

ಕರೆಯುತ್ತಿದ್ದಾಳೆ. ಚಪ್ಪಲಿಯ ಪಟ್ಟಿ ಹಾಕಿಕೊಡಬೇಕು. ಹೇಳುತ್ತೇನೆ. ಆಟೋದಲ್ಲಿ ಹೇಳುತ್ತೇನೆ, ಆಸ್ಪತ್ರೆ ಬರುವುದರೊಳಗೆ. ಇಲ್ಲ, ಅಲ್ಲಿ ಹೇಳಿದರೆ ಇಳಿಯುವುದಿಲ್ಲ ಅವಳು. ಬಾಟ್ಲಿ ಏರಿಸಿದ ಮೇಲೆ, ಅರ್ಧ ಆದ ಮೇಲೆ