ಬೆರಕೆ ಬಣ್ಣದ ಕಲ್ಲುಗಳು

ಏಪ್ರಿಲ್ 8, ಮಂಗಳವಾರ

ಮರಳು ಇವತ್ತೂ ಒದ್ದೆ. ಒಂದು ತಟ್ಟೆ ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ, ಮಿಕ್ಸರ್‌ನವರಿಗೆ ನೀರು ಕಡಿಮೆ ಹಾಕಿ ಅಂತ ಹೇಳಿದೆ. ಕಡಿಮೆ ಮಾಡಲಿಲ್ಲ. ಮೊದಲ ಹಲಗೆಯ ಕಲ್ಲುಗಳೆಲ್ಲ ಅಚ್ಚಿನಿಂದ ಹೊರಬರುತ್ತಲೇ ಹೊಟ್ಟೆ ಬಿಟ್ಟುಕೊಂಡು ಕೂತವು. ಸಿಮೆಂಟು ಕಲ್ಲು ಮಾಡುವ ಈ ಫ್ಯಾಕ್ಟರಿಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲ. ಮನೆಯಲ್ಲಂತೂ ಕೇಳುವುದಕ್ಕೆ ಜನವೇ ಇಲ್ಲ.

ಮಧ್ಯಾಹ್ನ ಮ್ಯಾನೇಜರ್ ರೋಲೋಫ್ ಲ್ಯಾಬಿಗೆ ಬಂದ. ಕೈಯಲ್ಲಿ ಎರಡು ಡೋನಟ್. ನನಗೊಂದು ಕೊಟ್ಟ. ಏನೋ ತಲೆಗೆ ಕಟ್ಟುತ್ತಾನೆ ಅಂತ ಆಗಲೇ ಗೊತ್ತಾಯಿತು.

"ನೋಡಮ್ಮ ಆಲೀ, ಇನ್ಮೇಲೆ ಟೆಂಡರ್ ಹಾಕ್ಬೇಕಾದ್ರೆ ನಮ್ಮ ಇಂಟರ್‌ಲಾಕ್ ಕಲ್ಲಿಗೆ ಜಾತಕ ಬೇಕಂತೆ."

"ಕಲ್ಲಿಗೆ ಜಾತಕನಾ?"

"ಸುಣ್ಣದಕಲ್ಲು ಅಗೆಯೋದ್ರಿಂದ ಹಿಡಿದು, ಸಿಮೆಂಟು, ಗ್ಯಾಸು, ಕರೆಂಟು, ಲಾರಿ, ಕೊನೆಗೆ ಒಡೆದು ಬಿಸಾಕೋ ತನಕ... ನಮ್ಮ ಕಲ್ಲಿನಿಂದ ಗಾಳಿ ಎಷ್ಟು ಕೆಡುತ್ತೆ ಅಂತ ಲೆಕ್ಕ ಕೊಡ್ಬೇಕು. ಮಾಂಟ್ರಿಯಾಲಿಂದ ಒಬ್ಬಳು ಹುಡುಗಿ ಫೋನ್ ಮಾಡ್ತಾಳೆ. ಕೇಳಿದ್ದನ್ನ ಕೊಡು."

ಅಷ್ಟರಲ್ಲಿ ಡೋನಟ್ ತಿಂದಾಗಿತ್ತು. ಒಪ್ಪಿಕೊಂಡೆ.

ಸಂಜೆ ಮನೆ. ಗೇಟಿನಿಂದ ಬಾಗಿಲವರೆಗೆ ಕೆಸರು. ಊರಿಗೆಲ್ಲ ಕಲ್ಲು ಹಾಸುವವನ ಮನೆ ಮುಂದೆ ಬರೀ ಕೆಸರು, ಜಲ್ಲಿ — ಮದುವೆಯಾದಾಗಿನಿಂದ ಹೇಳಿ ಹೇಳಿ ಸಾಕಾಯಿತು. ನನ್ನ ಗಂಡ ಡೌವೆ ನಗುತ್ತಿದ್ದ. ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು ಅಂತ ಪೆಟ್ರೋಲಿಯಾದಲ್ಲಿರುವ ಅವಳ ಮನೆಗೆ ಹೋದವನು. "ಎರಡು ವಾರ ಅಷ್ಟೇ" ಅಂದಿದ್ದ. ಎರಡು ಚಳಿಗಾಲ ಕಳೆಯಿತು. ನಮ್ಮಿಬ್ಬರ ಮಧ್ಯೆ ಜಗಳ ಆಗಲಿಲ್ಲ. ಆಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು.

ಏಪ್ರಿಲ್ 13, ಭಾನುವಾರ

ಚರ್ಚ್ ಮುಗಿದ ಮೇಲೆ ಕಾಫಿ. ಎಲ್ಲರದೂ ಒಂದೇ ಪ್ರಶ್ನೆ. ಡೌವೆ ಹೇಗಿದ್ದಾನೆ? ಚೆನ್ನಾಗಿದ್ದಾನೆ ಅಂದೆ. ನನಗೇನು ಗೊತ್ತು?

ಸಂಜೆ ಏಳಕ್ಕೆ ಫೋನು. ಭಾನುವಾರದ ಫೋನು ಮಾತ್ರ ತಪ್ಪಿಸುವುದಿಲ್ಲ, ಪುಣ್ಯಾತ್ಮ.

"ಅಲ್ಲಿ ಮಳೆನಾ?"

"ಮಳೆ. ಅಲ್ಲಿ?"

"ಇಲ್ಲೂ."

"ಮೆಮ್ ಹೇಗಿದ್ದಾರೆ?" ಅತ್ತೆಯನ್ನು ನಾವು ಕರೆಯುವುದೇ ಹಾಗೆ.

"ಹಾಗೇ ಇದ್ದಾಳೆ... ಸರಿ ಹಾಗಾದ್ರೆ."

"ಸರಿ."

ಮುಗಿಯಿತು. ಹೇಳಬೇಕಾದದ್ದೆಲ್ಲ ಫೋನ್ ಇಟ್ಟ ಮೇಲೆ ನೆನಪಾಗುತ್ತದೆ. ಅಡುಗೆಮನೆಯಲ್ಲಿ ನಿಂತು ಗೋಡೆಗೆ ಹೇಳುತ್ತೇನೆ. ಅವನು ಬೇಕು ನನಗೆ. ಅವನ ಮಣ್ಣು ಮೆತ್ತಿದ ಪ್ಯಾಂಟು, ಗೊರಕೆ, ಮಂಡಿನೋವಿನ ಎಣ್ಣೆಯ ವಾಸನೆ, ಎಲ್ಲಾ ಬೇಕು. ಇದನ್ನು ಯಾರೂ ಓದುವುದಿಲ್ಲವಲ್ಲ, ಅದಕ್ಕೇ ಬರೆದೆ.

ಏಪ್ರಿಲ್ 16, ಬುಧವಾರ

ಮಾಂಟ್ರಿಯಾಲಿನ ಹುಡುಗಿಯ ಹೆಸರು ನೋಏಮಿ. ಚುರುಕು. ಮಾತಿಗೆ ಮುಂಚೆ ಮೇಡಂ, ಮಾತಿನ ಕೊನೆಗೆ ಮೇಡಂ. ಅವಳು ಹೇಳಿದ ಮೇಲೆ ಗೊತ್ತಾಯಿತು — ಕಲ್ಲಿನ ತೂಕದಲ್ಲಿ ಸಿಮೆಂಟಿನ ಪಾಲು ಸ್ವಲ್ಪವೇ, ಆದರೆ ಹಾನಿಯಲ್ಲಿ ಅದರದ್ದೇ ಸಿಂಹಪಾಲು. ಸುಣ್ಣದಕಲ್ಲನ್ನು ಸುಡುವಾಗ ಕಲ್ಲಿನೊಳಗಿನ ಇಂಗಾಲದ ಅನಿಲವೆಲ್ಲ ಗಾಳಿಗೆ ಹೋಗುತ್ತದಂತೆ. ನಮ್ಮ ಅಚ್ಚು, ಕಲ್ಲು ಗಟ್ಟಿಯಾಗಿಸುವ ಬಿಸಿಕೋಣೆ, ಫೋರ್ಕ್‌ಲಿಫ್ಟ್ ಎಲ್ಲ ಅದರ ಮುಂದೆ ಚಿಲ್ಲರೆ. ನಾನು ಇಷ್ಟು ವರ್ಷ ದೀಪ ಆರಿಸಿ ಆರಿಸಿ ಓಡಾಡಿದ್ದು ದಂಡ.

"ಆದ್ರೆ ಹಾಸಿದ ಮೇಲೆ ಕಲ್ಲು ಅದನ್ನ ಗಾಳಿಯಿಂದ ವಾಪಸ್ ಎಳ್ಕೊಳ್ಳುತ್ತೆ ಮೇಡಂ."

"ಪೂರ್ತಿನಾ?"

"ಅಯ್ಯೋ ಇಲ್ಲ. ಸ್ವಲ್ಪ. ಅದೂ ತುಂಬಾ ನಿಧಾನ."

ಆಮೇಲೆ ಕೇಳಿದಳು, ಹಳೆಯದಾದ ಮೇಲೆ ಕಲ್ಲುಗಳಿಗೆ ಏನಾಗುತ್ತದೆ ಅಂತ. ನಾನು ಡೌವೆಯ ಕೆಲಸ ವರ್ಣಿಸಿದೆ. ನೆಲ ಕುಸಿದರೆ ಒಂದೊಂದೇ ಕಲ್ಲು ಎತ್ತುತ್ತಾನೆ, ಬ್ರಷ್ ಹಾಕಿ ಉಜ್ಜುತ್ತಾನೆ, ಮರಳು ಸಮ ಮಾಡಿ ಅದನ್ನೇ ಮತ್ತೆ ಕೂರಿಸುತ್ತಾನೆ. ಸಿಮೆಂಟು ಮೆತ್ತುವ ಕೆಲಸವೇ ಇಲ್ಲವಲ್ಲ, ಎಷ್ಟು ಸಲ ಬೇಕಾದರೂ ಎತ್ತಬಹುದು. ಹೇಳುತ್ತಾ ಹೇಳುತ್ತಾ ನನಗೇ ಅರಿವಿಲ್ಲದೆ ಉದ್ದವಾಯಿತು.

"ಎಲ್ರೂ ಹಾಗೇ ಮಾಡ್ತಾರಾ ಮೇಡಂ?"

"ಇಲ್ಲಮ್ಮ. ಬುಲ್ಡೋಜರ್ ತಂದು ಬಾಚಿ ಬಿಸಾಕ್ತಾರೆ."

"ಹಾಗಾದ್ರೆ ಕಸದ ಗುಂಡಿ ಅಂತಲೇ ಹಾಕ್ತೀನಿ. ನಾವು ತಗೊಳ್ಳೋದು ಸರಾಸರಿ. ನಿಮ್ಮ ಯಜಮಾನ್ರು ಸರಾಸರಿ ಅಲ್ಲ."

ಅಲ್ಲ ಅಂತ ನನಗೂ ಗೊತ್ತು. ಮಿಕ್ಸರ್‌ನವರು ಕರೆಯುತ್ತಿದ್ದಾರೆ ಅಂತ ಸುಳ್ಳು ಹೇಳಿ ಫೋನ್ ಇಟ್ಟೆ.

ಏಪ್ರಿಲ್ 24, ಗುರುವಾರ

ಲೆಕ್ಕ ತಾಳೆಯಾಗುತ್ತಿಲ್ಲ. ಹೋದ ವರ್ಷ ಒಳಗೆ ಬಂದ ಮಾಲಿನ ತೂಕ ಹೆಚ್ಚು, ಹೊರಗೆ ಹೋದ ಕಲ್ಲಿನ ತೂಕ ಕಡಿಮೆ. "ಮಿಕ್ಕಿದ್ದು ಎಲ್ಲಿ ಮೇಡಂ?" ಅಂತಾಳೆ ನೋಏಮಿ. ಸಂಜೆ ತಲೆಗೆ ಹೊಳೆಯಿತು: ಮರಳನ್ನು ಒದ್ದೆಯಾಗಿಯೇ ತೂಗಿ ಬರೆದಿದ್ದೆವು! ವರ್ಷವಿಡೀ ನೀರನ್ನು ಮರಳು ಅಂತ ಲೆಕ್ಕ ಹಾಕಿದ ಪ್ರತಾಪ. ದಿನಾ ಬೆಳಿಗ್ಗೆ ಆ ನೀರನ್ನೇ ಅಳೆಯುವವಳು ನಾನು. ನಾಚಿಕೆ ಆಗಬೇಕಿತ್ತು, ನಗು ಬಂತು.

ನೀರು ಕಳೆದ ಮೇಲೂ ಸ್ವಲ್ಪ ಉಳಿಯಿತು. ಕಿಟಕಿಯಿಂದ ನೋಡಿದರೆ ಹಿಂದಿನ ಬೇಲಿಯ ಹತ್ತಿರ ಗುಡ್ಡೆ ಕಾಣಿಸಿತು. ಕಲ್ಲಿನ ಬಣ್ಣ ಕೆಂಪಿನಿಂದ ಕಪ್ಪಿಗೆ ಬದಲಾಯಿಸುವಾಗ ನಾವು ಮಿಕ್ಸರ್ ನಿಲ್ಲಿಸುವುದಿಲ್ಲ. ಮೊದಮೊದಲ ಹಲಗೆಗಳಲ್ಲಿ ಅತ್ತ ಕೆಂಪೂ ಅಲ್ಲ ಇತ್ತ ಕಪ್ಪೂ ಅಲ್ಲ, ಬೆರಕೆ ಕಲ್ಲು ಬರುತ್ತದೆ. ಗಟ್ಟಿ ಮಾಲು, ಆದರೆ ಯಾರೂ ಕೊಳ್ಳುವುದಿಲ್ಲ. ಶನಿವಾರ ಬೆಳಿಗ್ಗೆ ಕೆಲಸದವರು, ಹಾಸುವವರು, ಯಾರು ಬೇಕಾದರೂ ತುಂಬಿಕೊಂಡು ಹೋಗಬಹುದು. ಬಿಲ್ಲೂ ಇಲ್ಲ, ಮಾತೂ ಇಲ್ಲ. ಈ ಊರಿನಲ್ಲಿ ಫ್ಯಾಕ್ಟರಿಯವರ ಮನೆ ಯಾವುದು ಅಂತ ತಿಳಿಯಲು ಹಿತ್ತಿಲು ನೋಡಿದರೆ ಸಾಕು.

"ಮರುಬಳಕೆ ಅಂತ ಬರ್ಕೊಡು, ನೋಡೋಕೆ ಚೆನ್ನಾಗಿರುತ್ತೆ" ಅಂದ ರೋಲೋಫ್. ನೋಏಮಿ ಒಪ್ಪಲಿಲ್ಲ. ಎಲ್ಲಿಗೆ ಹೋಗುತ್ತದೆ ಅಂತ ವಿಚಾರಿಸಿ ಹೇಳಿ ಅಂದಳು.

ಏಪ್ರಿಲ್ 25, ಶುಕ್ರವಾರ

ವಿಚಾರಿಸಬಾರದಿತ್ತು.

ಶನಿವಾರ ಗುಡ್ಡೆ ಕಾಯುವವನು ಫೋರ್ಕ್‌ಲಿಫ್ಟಿನ ಅಡೆಲೀನೊ. ಊಟದ ಹೊತ್ತಿಗೆ ಅವನ ಪಕ್ಕ ಹೋಗಿ ಕೂತೆ. ಅವನು ಸಾರ್ಡೀನ್ ಡಬ್ಬಿ ಬಿಚ್ಚುತ್ತಾ ಒಂದೊಂದೇ ಹೆಸರು ಹೇಳಿದ. ಒಬ್ಬ ಗ್ಯಾರೇಜಿಗೆ ಹಾಕಿಸಿದ, ಒಬ್ಬಳು ಕೋಳಿಗೂಡಿಗೆ ಹಾಕಿದಳು...

"ಈ ವರ್ಷ ಎಲ್ರಿಗಿಂತ ಜಾಸ್ತಿ ಒಯ್ದಿರೋದು ನಿಮ್ಮೋನೇ ಕಣಮ್ಮ."

"ಯಾರು?"

"ಇನ್ಯಾರು, ಡೌವೆ. ಶನಿವಾರ ಬಂತು ಅಂದ್ರೆ ಟ್ರಕ್ ತಂದು ನಿಲ್ಲಿಸ್ತಾನೆ. ಅಂತೂ ಸ್ವಂತ ಮನೆ ಮುಂದೆ ಹಾಕ್ತಿದ್ದಾನಲ್ಲಪ್ಪ ಅಂದ್ಕೊಂಡೆ." ನನ್ನ ಮುಖ ನೋಡಿದ. "...ಹಾಕ್ತಿಲ್ವಾ?"

"ಹಾಕ್ತಿದ್ದಾನೆ" ಅಂದೆ.

ಅಡೆಲೀನೊ ಡಬ್ಬಿ ನನ್ನ ಕಡೆ ಚಾಚಿದ. "ತಗೋ, ಒಂದು ಮೀನು ತಿನ್ನು. ಮುಖ ಬಿಳುಚ್ಕೊಂಡಿದೆ."

ಶನಿವಾರ ನನಗೆ ರಜೆ. ಅದು ಅವನಿಗೆ ಗೊತ್ತು. ಪೆಟ್ರೋಲಿಯಾದಿಂದ ಫ್ಯಾಕ್ಟರಿಗೆ ಬರಬೇಕಾದರೆ ನಮ್ಮ ಮನೆಯ ಮುಂದೆಯೇ ಹಾದುಹೋಗಬೇಕು.

ಮೇ 4, ಭಾನುವಾರ

ಏಳಕ್ಕೆ ಫೋನ್ ಹೊಡೆದುಕೊಂಡಿತು. ಎತ್ತಲಿಲ್ಲ. ಮತ್ತೊಮ್ಮೆ ಹೊಡೆದುಕೊಳ್ಳಲಿ ಅಂತ ಕೈಕಟ್ಟಿ ಕೂತೆ. ಹೊಡೆದುಕೊಳ್ಳಲಿಲ್ಲ.

ಯಾರಿಗೋ ಅಂಗಳ ಮಾಡಿಕೊಡುತ್ತಿದ್ದಾನೆ. ಯಾರವಳು? ಮೂರು ಹೆಸರು ಯೋಚಿಸಿದೆ, ಮೂವರಿಗೂ ಮನಸಾರೆ ಶಾಪ ಹಾಕಿದೆ. ಅವರಲ್ಲಿ ಒಬ್ಬಳು ನಮ್ಮ ಪಾದ್ರಿಯ ಹೆಂಡತಿ, ಪಾಪ.

ಮೇ 17, ಶನಿವಾರ

ತಡೆಯಲಾಗಲಿಲ್ಲ. ಬೆಳಿಗ್ಗೆ ಎದ್ದು ಪೆಟ್ರೋಲಿಯಾಕ್ಕೆ ಹೋದೆ. ಕೇಳಿದರೆ ಕಲ್ಲಿನ ಲೆಕ್ಕಕ್ಕೆ ಬಂದೆ ಅನ್ನುವುದು ಅಂತ ಕಾರಿನಲ್ಲೇ ಬಾಯಿಪಾಠ ಮಾಡಿಕೊಂಡೆ.

ಮೆಮ್ ಮನೆಗೆ ಬೀಗ. ಪಕ್ಕದ ಮನೆಯಾಕೆ ಬೇಲಿ ಮೇಲಿಂದ ಬಗ್ಗಿದಳು.

"ಅಜ್ಜಿನ ಜನವರಿಲೇ ವೃದ್ಧಾಶ್ರಮಕ್ಕೆ ಸೇರಿಸಿದ್ರಲ್ಲ. ಸೊಸೆಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು" ಅಂದೆ. ಕ್ರಿಸ್ಮಸ್‌ಗೆ ಹೋಗಿ ಬಂದಿದ್ದೆ. ಆಮೇಲೆ ಹಿಮ, ರಸ್ತೆ, ನೆಗಡಿ ಅಂತ ನೆಪ. ಅಂದರೆ ಇಷ್ಟು ದಿನ ಈ ಮನೆಯಲ್ಲಿ ಅವನೊಬ್ಬನೇ. ಆ ಮನೆಯಲ್ಲಿ ನಾನೊಬ್ಬಳೇ.

ವೃದ್ಧಾಶ್ರಮದ ಹಿಂದೆ ಅವನ ಟ್ರಕ್ ಕಂಡಿತು, ಅತ್ತ ಹೋದೆ. ತೋಟದಲ್ಲಿ ಮಂಡಿಯೂರಿ ಕೂತಿದ್ದ. ಬೆನ್ನು ನೋಡಿಯೇ ಗುರುತು ಸಿಕ್ಕಿತು, ತೆಳ್ಳಗಾಗಿದ್ದಾನೆ. ಸುತ್ತ ನಮ್ಮ ಬೆರಕೆ ಕಲ್ಲುಗಳು. ತೋಟವನ್ನು ಬಳಸಿಕೊಂಡು ಗಾಲಿಕುರ್ಚಿ ಹೋಗುವಷ್ಟು ಅಗಲದ ದಾರಿ. ಅರ್ಧ ಹಾಸಿದ್ದ, ಒಂದು ತುದಿ ಎತ್ತಿ ಗುಡ್ಡೆ ಹಾಕಿದ್ದ.

ನನ್ನನ್ನು ನೋಡಿ ಎದ್ದ. ರಬ್ಬರ್ ಸುತ್ತಿಗೆ ಕೈಯಲ್ಲೇ ಇತ್ತು.

"ಜೇಡಿಮಣ್ಣು ಇಲ್ಲಿ. ಮಳೆಗೆ ಒಂದು ಕಡೆ ಕುಸೀತು. ಎತ್ತಿ ಮತ್ತೆ ಹಾಕ್ತಿದ್ದೀನಿ" ಅಂದ, ನಾನು ಅದನ್ನು ಕೇಳುವುದಕ್ಕೇ ಬಂದವಳ ಹಾಗೆ.

"ಮೆಮ್ ಇಲ್ಲಿದ್ದಾರೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಮತ್ತೆ ಮನೆಗೆ ಯಾಕೆ ಬರಲ್ಲ ಅಂತ ಕೇಳ್ತಿದ್ದೆ."

"ಕೇಳ್ತಿದ್ದೆ. ಈಗ್ಲೂ ಕೇಳ್ತೀನಿ."

"ನಾನು ತಿನ್ನಿಸಿದ್ರೆ ಮಾತ್ರ ತಿಂತಾಳೆ ಆಲೀ. ಮೂರು ಹೊತ್ತೂ. ನರ್ಸ್ ಕೈ ತಳ್ಳಿಬಿಡ್ತಾಳೆ. ಬರೋಕಾಗಲ್ಲ ಅಂತ ನಿನಗೆ ಹೇಳೋಕೆ... ಬಾಯಿ ಬರಲಿಲ್ಲ."

"ಶನಿವಾರ ಶನಿವಾರ ಮನೆ ಮುಂದೆನೇ ಹೋಗ್ತಿದ್ದೆ."

"ಹೂಂ."

"ಐದು ನಿಮಿಷ ನಿಲ್ಲಿಸಬಾರದಿತ್ತಾ?"

ಸುತ್ತಿಗೆಗೆ ಅಂಟಿದ್ದ ಮಣ್ಣನ್ನು ಉಗುರಿನಲ್ಲಿ ಕೆರೆಯುತ್ತಾ ನಿಂತ. "ನಿಲ್ಲಿಸಿದ್ರೆ ಇಲ್ಲಿಗೆ ವಾಪಸ್ ಬರ್ತಿರ್ಲಿಲ್ಲ" ಅಂದ.

ಅವನಿಗೆ ಬಯ್ಯಬೇಕಿತ್ತು. ದಾರಿಯುದ್ದಕ್ಕೂ ಒಳ್ಳೊಳ್ಳೆ ಬೈಗಳು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ.

ಊಟವಾದ ಮೇಲೆ ಮೆಮ್‌ರನ್ನು ಹೊರಗೆ ಕರೆತಂದ. ಹಾಸಿದ ದಾರಿಯ ಮೇಲೆ ನಾನೇ ಗಾಲಿಕುರ್ಚಿ ತಳ್ಳಿದೆ. ಒಂದು ಕುಲುಕೂ ಇಲ್ಲ. ಮೆಮ್ ಕತ್ತು ತಿರುಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಯಾರ ಮನೆ ಸೊಸೆನೇ?"

"ನಿಮ್ಮನೇದೇ, ಮೆಮ್."

"ಮತ್ತೆ ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?"

ಡೌವೆ ನಕ್ಕ. ನಾನೂ ನಕ್ಕೆ. ಕಾರಿನಲ್ಲಿ ಕೂತ ಮೇಲೆ ಅತ್ತುಬಿಟ್ಟೆ.

ಮೇ 18, ಭಾನುವಾರ, ಮಧ್ಯಾಹ್ನ

ಚರ್ಚಿಗೆ ಹೋಗಲಿಲ್ಲ. ನೋಏಮಿಗೆ ಬರೆದೆ: ಬೆರಕೆ ಕಲ್ಲು ಕಸಕ್ಕೆ ಹೋಗುವುದಿಲ್ಲ, ಜನ ಒಯ್ದು ಹಾಸುತ್ತಾರೆ, ಬೇಕಾದರೆ ಬಂದು ಅವರ ಹಿತ್ತಿಲು ನೋಡಿಕೊಂಡು ಹೋಗಿ. ಭಾನುವಾರವೂ ಉತ್ತರ ಬಂತು, ಈ ಹುಡುಗಿಗೆ ಬೇರೆ ಕೆಲಸವಿಲ್ಲವೇ? ಪುಕ್ಕಟೆ ಕೊಟ್ಟದ್ದು ಅಂತ ಹಾಕುತ್ತಾಳಂತೆ, ಒಳ್ಳೆಯ ಅಂಕ ಮಾತ್ರ ಕೊಡುವುದಿಲ್ಲವಂತೆ. ರೋಲೋಫ್ ಗೊಣಗಲಿ.

ಮೆಮ್ ಕೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. ಅವನು ಬರಲಿಲ್ಲ, ಬರಲಿಲ್ಲ ಅಂತ ಎರಡು ಚಳಿಗಾಲ ಬಾಗಿಲು ನೋಡಿದೆ. ಆ ಬಾಗಿಲಿನಿಂದ ನಾನು ಹೊರಡಬಹುದು ಅಂತ ಒಂದು ದಿನವಾದರೂ ಹೊಳೆಯಬೇಡವೇ?

ಅದೇ ದಿನ, ಸಂಜೆ

ಏಳಕ್ಕೆ ಫೋನು. ಮೊದಲ ಗಂಟೆಗೇ ಎತ್ತಿದೆ.

"ಅಲ್ಲಿ ಮಳೆನಾ?"

"ಮಳೆ ವಿಷಯ ಬಿಡು. ನಾನು ಅಲ್ಲಿಗೆ ಬರಲಾ?"

"ಮುಂದಿನ ಶನಿವಾರನಾ?"

"ಇರೋಕೆ, ಡೌವೆ. ಇರೋಕೆ ಬರಲಾ ಅಂತ ಕೇಳ್ತಿದ್ದೀನಿ."

ಇಷ್ಟು ವರ್ಷದ ಸಂಸಾರದಲ್ಲಿ ಇಷ್ಟು ಹೆದರಿ ನಾನು ಯಾವತ್ತೂ ಕೂತಿರಲಿಲ್ಲ.

"ಫ್ಯಾಕ್ಟರಿ ದೂರ ಆಗುತ್ತೆ."

"ಹೋಗಿ ಬರ್ತೀನಿ."

"ಇಲ್ಲಿ ಮಂಚ ಚಿಕ್ಕದು" ಅಂದ.

"ಎಷ್ಟು ಚಿಕ್ಕದು?"

"ನಾನು ಸ್ಕೂಲಿಗೆ ಹೋಗ್ತಿದ್ದಾಗಿಂದು."

"ಇರಲಿ ಬಿಡು."

ಫೋನ್ ಇಡಲಿಲ್ಲ. ಏನೋ ಭಾರದ್ದು ನೆಲದ ಮೇಲೆ ಉಜ್ಜಿದ ಸದ್ದು. ನಿಂತಿತು. ಮತ್ತೆ ಶುರುವಾಯಿತು.

"ಏನ್ ಮಾಡ್ತಿದ್ದೀಯೋ?"

"ಮಂಚ ಗೋಡೆಗೆ ಒತ್ತರಿಸ್ತಿದ್ದೀನಿ" ಅಂದ, ಏದುಸಿರು ಬಿಡುತ್ತಾ. "ಒಬ್ಬರಾದ್ರೂ ಬೀಳದೆ ಇರ್ಬೇಕಲ್ಲ."

ಈಗ ಏಳೂವರೆ. ಇನ್ನೂ ಬೆಳಕಿದೆ. ನಾಳೆ ಸೋಮವಾರ ಹೇಗೂ ಸರ್ಕಾರಿ ರಜೆ, ಬೆಳಿಗ್ಗೆ ಹೊರಟರಾಯಿತು ಅಂದುಕೊಂಡೆ... ಬೆಳಿಗ್ಗೆ ಯಾಕೆ? ಕಾರಿನ ಕೀ ಇಲ್ಲೇ ಎಲ್ಲೋ ಇಟ್ಟಿದ್ದೆನಲ್ಲ...